ಬಚ್ಚಲಿನ ಕರಿ ಕಲೆ

ಬಚ್ಚಲಿನ ಬೇಸಿನ್ನಿನಲ್ಲಿ ಕರಿ ಎಂಜಲು ಒಣಗಿ ಅಂಟಿಕೊಂಡಿತ್ತು. ಶೈಲಶ್ರೀ ಓಢಣಿಯನ್ನು ಮೂಗಿಗೆ ಬಿಗಿದು, ಬಾಯಿ ಬಿಡದೆ, ನಾರಿನ ಮುದ್ದೆಯಿಂದ ತಿಕ್ಕತೊಡಗಿದಳು. ಮೊದಲೇ ನೀರು ಹಾಕಬಾರದು. ಹಾಕಿದರೆ ಅದಕ್ಕೆ ಮತ್ತೆ ಜೀವ ಬಂದ ಹಾಗಾಗಿ ಎಳೆ ಎಳೆಯಾಗಿ ಇಳಿಯುತ್ತದೆ, ಜಾಲರಿಯ ತೂತಿನ ಹತ್ತಿರ ಹೋಗಿ ಕೂತುಬಿಡುತ್ತದೆ. ಒಣಗಿದ್ದಾಗಲೇ ಸೋಪಿನ ಪುಡಿ ಉದುರಿಸಿ ಕೆರೆದು, ಆಮೇಲೆ ನೀರು. ಹಿಂದಿನ ಗ್ಯಾಲರಿಯ ಗೋಡೆ ತೊಳೆದು ತೊಳೆದು ಎರಡು ವರ್ಷದಲ್ಲಿ ಕಲಿತ ವಿದ್ಯೆ ಇದು. ಎಂಟು ದಿನದಿಂದ ಕಲೆ ಬಚ್ಚಲಿಗೂ ಬಂದಿತ್ತು.

ಅದು ಅವಳ ಅತ್ತೆ ರುದ್ರವ್ವನ ಮಶೇರಿ. ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ್ದು. ಹೆಸರಿಗೆ ಹಲ್ಲುಪುಡಿ, ನಿಜಕ್ಕೂ ಚಟ. ಊಟವಾದ ಮೇಲೆ ಅದನ್ನು ತೋರುಬೆರಳಿಗೆ ಹಚ್ಚಿಕೊಂಡು ರುದ್ರವ್ವ ಒಸಡು ತಿಕ್ಕಲು ಕೂತರೆ ಅರ್ಧ ತಾಸು. ಬೆರಳು ಬಾಯಲ್ಲಿ ಎಡಕ್ಕೆ ಹೋಗುತ್ತದೆ, ಬಲಕ್ಕೆ ಬರುತ್ತದೆ, ಚಪ್ ಚಪ್ ಎನ್ನುತ್ತದೆ. ಕಟವಾಯಿಂದ ಕರಿ ನೀರು ಇಳಿದರೆ ಮುಂಗೈಯಿಂದ ಒರೆಸಿಕೊಳ್ಳುತ್ತಾಳೆ. ಅದೇ ಮುಂಗೈ ಆಮೇಲೆ ಪರದೆಗೆ, ಫ್ರಿಜ್ಜಿನ ಹಿಡಿಕೆಗೆ, ಎಲ್ಲದಕ್ಕೂ.

ಶೈಲಶ್ರೀ ಕೈ ತೊಳೆದುಕೊಂಡು ಹೊರಗೆ ಬಂದಳು. ಅಡುಗೆಮನೆಯ ಹೊಸ್ತಿಲಲ್ಲಿ ಅವಳ ಅವ್ವ ಮೊರ ಹಿಡಿದು ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು. ಮಗಳಿಗೆ ಮೂರು ತಿಂಗಳು ಎಂದು ಕೇಳಿ ತವರೂರು ಇಂಡಿಯಿಂದ ಬಂದಿದ್ದಳು. ಕಣ್ಣಿಗೆ ಪೊರೆ. ಅರ್ಧಕ್ಕರ್ಧ ಹರಳು ಅಕ್ಕಿಯಲ್ಲೇ ಉಳಿಯುತ್ತಿದ್ದವು.

"ಅತ್ತೀ, ಈಗ ಬಚ್ಚಲದಾಗೂ ಚಾಲೂ ಮಾಡೀರೇನ್ರಿ?"

ರುದ್ರವ್ವ ಒಮ್ಮೆ ಬೀಗತಿಯ ಕಡೆ ನೋಡಿ, ಕಪ್ಪು ಒಸಡು ತೋರಿಸಿ ನಕ್ಕಳು. "ಹೂಂ ಯವ್ವಾ, ನಂದ ಅದು. ಗ್ಯಾಲರಿ ಮುಟ್ಟೂತನಾ ಬಾಯಿ ತುಂಬತದ, ಏನ್ ಮಾಡ್ಲಿ? ನಿನಗ ಹೇಸಿಗಿ ಆದ್ರ ಬಿಡು, ನಾ ತೊಳಿತೀನಿ."

"ನೀವು ತೊಳಿಯೂದೂ ನೋಡೀನ್ರಿ."

"ಎಲ್ಲಾ ನೋಡ್ತಾಳ ನಿಮ್ಮ ಮಗಳು," ರುದ್ರವ್ವ ಬೀಗತಿಗೆ ಹೇಳಿದಳು. "ಹದ್ದಿನ ಕಣ್ಣು. ನಮ್ಮ ಬಿಲ್ಡಿಂಗಿಗೆ ಕ್ಯಾಮೆರಾ ಬ್ಯಾಡಂತ ನಾನ ಹೇಳೀನಿ."

ಅವ್ವ ಮೊರದ ಮೇಲೆ ಇನ್ನಷ್ಟು ಬಾಗಿದಳು. ಅತ್ತೆಯ ಎದುರು ಸೋತ ಮಗಳನ್ನು ನೋಡಲಾಗದೆ ಬಾಗಿದಳು ಎಂದುಕೊಂಡಳು ಶೈಲಶ್ರೀ.

ಈ ಅಸಹ್ಯ ಇವತ್ತಿನದಲ್ಲ. ಅವ್ವನಿಗೂ ಒಂದು ಕಾಲದಲ್ಲಿ ಇದೇ ಚಟವಿತ್ತು. ಶಾಲೆಯಲ್ಲಿ ಹುಡುಗಿಯರು ಶೈಲಶ್ರೀಯನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕರಿಬಾಯಿಯ ಮಗಳು ಎನ್ನುತ್ತಿದ್ದರು. ಊಟದ ಬಿಡುವಿನಲ್ಲಿ ಅವಳ ಬುತ್ತಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಏಳನೇ ಇಯತ್ತೆಗೆ ಅವಳು ಶಾಲೆ ಬಿಟ್ಟಳು. ಯಾಕೆಂದು ಮನೆಯಲ್ಲಿ ಹೇಳಲಿಲ್ಲ. ಮದುವೆ ಗೊತ್ತಾದ ದಿನ ಮಾತ್ರ ಅವ್ವನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದಳು. ಅವ್ವ ಬಿಟ್ಟಳು. ಈಗ ಹತ್ತಿರ ಬಂದರೆ ಲವಂಗದ ವಾಸನೆ. ಅಂಥ ಹೊಲಸನ್ನು ದಾಟಿ ಪುಣೆಗೆ ಬಂದರೆ, ಇಲ್ಲಿ ಅದೇ ಬಾಯಿ ಬೇರೆ ಮುಖದಲ್ಲಿ ಕಾಯುತ್ತಿತ್ತು.

ಆದರೂ ತಡೆದುಕೊಂಡಿದ್ದಳು. ರುದ್ರವ್ವ ಸಾರಿಗೆ ಬೆರಳದ್ದಿ ಉಪ್ಪು ನೋಡಿದ ದಿನ ತಾನು ಬರೀ ಮೊಸರನ್ನ ಉಂಡಳು. ರೊಟ್ಟಿಯ ಹೆಂಚಿನಲ್ಲೇ ತಂಬಾಕು ಹುರಿದ ದಿನ ಬೇರೆ ಹೆಂಚು ತಂದಳು. ತಡೆಯಲಾಗದ್ದು ಹೋದ ಸೋಮವಾರದ ಮಾತು. ಶೈಲಶ್ರೀಯ ಹೊಟ್ಟೆಯ ಮೇಲೆ ಕೈಯಾಡಿಸುತ್ತ ರುದ್ರವ್ವ ಹೇಳಿದ್ದಳು: "ನಮ್ಮ ಮನ್ಯಾಗ ಕೂಸಿಗೆ ಮೊದಲು ಬೆಲ್ಲ ನೆಕ್ಕಸಾಕಿ ಅಜ್ಜೀನ. ನಿನ್ನ ಗಂಡಗ ನಮ್ಮತ್ತಿ ನೆಕ್ಕಿಸಿದ್ಲು. ನಿನ್ನ ಕೂಸಿಗೆ ಈ ಬೆರಳಿಲೆ ನಾ ನೆಕ್ಕಸ್ತೀನಿ."

ಎಂದು ತೋರುಬೆರಳು ಎತ್ತಿ ತೋರಿಸಿದಳು. ಎರಡನೇ ಗೆಣ್ಣಿನ ತನಕ ಕಪ್ಪು. ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು. ಶೈಲಶ್ರೀ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಬಸುರಿನ ವಾಂತಿ ಎಂದು ಎಲ್ಲರೂ ಸಂತೋಷಪಟ್ಟರು. ಆ ಬೆರಳು ತನ್ನ ಕೂಸಿನ ನಾಲಿಗೆ ಮುಟ್ಟುವುದಿಲ್ಲ ಎಂದು ಅವಳು ಬೇಸಿನ್ ಹಿಡಿದುಕೊಂಡೇ ತೀರ್ಮಾನ ಮಾಡಿದಳು.

ದಾರಿ ಕಣ್ಣೆದುರೇ ಇತ್ತು. ಅವರದು ಭೋಸರಿಯ ಹಳೇ ಕಟ್ಟಡದ ಮೂರನೇ ಮಾಳಿಗೆ. ಹಿಂದಿನ ಗ್ಯಾಲರಿಗೆ ತಡೆಗೋಡೆಯ ಬದಲು ಕಬ್ಬಿಣದ ಕಟಾಂಜನ. ಅದು ಎರಡೂ ಕಡೆಯ ಗೋಡೆಗೆ ಎರಡೆರಡು ಬೋಲ್ಟಿನ ಮೇಲೆ ನಿಂತಿತ್ತು. ಕೆಳಗೆ ನೀರಿನ ಮೋಟರಿನ ಸಿಮೆಂಟ್ ಕಟ್ಟೆ. ದಿನಾ ಮಧ್ಯಾಹ್ನ ಮೂರಕ್ಕೆ ರುದ್ರವ್ವ ಅಲ್ಲಿ ಮಣೆ ಹಾಕಿ, ಗಾಳಿ ಬರಲೆಂದು ಕಟಾಂಜನಕ್ಕೆ ಬೆನ್ನು ಕೊಟ್ಟು ಕೂತು ತಿಕ್ಕುತ್ತಾಳೆ. ಕಟಾಂಜನ ತುಕ್ಕು ಹಿಡಿದದ್ದು ಕಟ್ಟಡಕ್ಕೆಲ್ಲ ಗೊತ್ತು. ಪಕ್ಕದ ಮನೆಯ ನೀತಾ ಎರಡು ಸಲ ಮಾಲೀಕನಿಗೆ ಹೇಳಿ, ಶೈಲಶ್ರೀಯ ಎದುರಿಗೇ, "ಕೋಣೀತರಿ ಪಡಣಾರ ಏಕ ದಿವಸ" ಎಂದಿದ್ದಳು. ಒಂದು ದಿನ ಯಾರಾದರೂ ಬೀಳುತ್ತಾರೆ. ಬಿದ್ದರೆ ಎಲ್ಲರೂ ಮಾಲೀಕನನ್ನು ಬೈಯುತ್ತಾರೆ, ಅಷ್ಟೆ.

ಗಂಡ ಶಿವರಾಜ ಕಾರ್ಖಾನೆಯಲ್ಲಿ ಫಿಟ್ಟರ್. ಬೆಳಗಿನ ಏಳಕ್ಕೆ ಪಾಳಿಗೆ ಹೋದರೆ ಸಂಜೆಯೇ ಬರುವುದು. ಬೋಲ್ಟು ಬಿಚ್ಚುವ ಅವನ ಪಾನಾ ಮಂಚದ ಕೆಳಗಿನ ಡಬ್ಬಿಯಲ್ಲಿತ್ತು. ಅತ್ತೆ ಸ್ನಾನ, ಲಿಂಗಪೂಜೆಗೆ ಕೂತಾಗ ಶೈಲಶ್ರೀ ಬೋಲ್ಟುಗಳಿಗೆ ದಿನಾ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿದಳು. ಮೂರನೇ ದಿನ ಒಂದು ಅಲುಗಾಡಿತು, ಐದನೇ ದಿನ ನಾಲ್ಕೂ. ಪೂರ್ತಿ ಬಿಚ್ಚಲಿಲ್ಲ. ಅವಸರ ಅವಳ ಸ್ವಭಾವದಲ್ಲೇ ಇರಲಿಲ್ಲ. ಬಿಚ್ಚಿದ ಮೇಲೆ ಉಳಿಯುವ ತೂತು ಮುಚ್ಚಲು ಗೋಧಿ ಹಿಟ್ಟಿಗೆ ಚಹದ ಗಸಿ ಕಲಸಿ ಗೋಡೆಗೆ ಹಚ್ಚಿ ನೋಡಿದಳು. ತುಕ್ಕಿನ ಬಣ್ಣಕ್ಕೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಆ ದಿನಗಳಲ್ಲಿ ಅವಳ ಕಣ್ಣಿಗೆ ಎಲ್ಲವೂ ಬಿತ್ತು. ಹದಿನೈದು ದಿನ ಬರುತ್ತಿದ್ದ ಮಶೇರಿ ಡಬ್ಬಿ ಎಂಟೇ ದಿನಕ್ಕೆ ತಳ ಕಂಡಿತ್ತು. ಮುದುಕಿಗೆ ಚಟ ಹೆಚ್ಚಾಗುತ್ತಿದೆ ಎಂದುಕೊಂಡಳು. ಹೆಚ್ಚಾದಷ್ಟೂ ಒಳ್ಳೆಯದು, ಗ್ಯಾಲರಿಯಲ್ಲಿ ಇನ್ನಷ್ಟು ಹೊತ್ತು ಕೂತಾಳು.

ತಕ್ಕ ದಿನವೂ ತಾನಾಗಿಯೇ ಒದಗಿ ಬಂತು. ಬಸ್ಸಿನಲ್ಲಿ ಎರಡು ತಾಸು ದೂರದ ಶಿರೂರಿನಲ್ಲಿ ಅವಳ ಚಿಕ್ಕಪ್ಪನ ಮಗಳು ದೀಪಾಲಿ ಕೂಸಿನ ತೊಟ್ಟಿಲ ಕಾರ್ಯ ಇಟ್ಟುಕೊಂಡಿದ್ದಳು. ಮಧ್ಯಾಹ್ನ ಮೂರಕ್ಕೆ ತಾನು ಐವತ್ತು ಹೆಂಗಸರ ನಡುವೆ ಜೋಗುಳ ಹಾಡುತ್ತಿರಬೇಕು, ಅವ್ವ ಪಕ್ಕದಲ್ಲಿರಬೇಕು. ಮನೆಯಲ್ಲಿ ರುದ್ರವ್ವ ಒಬ್ಬಳೇ.

ಹೊರಡುವ ದಿನ ಬೆಳಿಗ್ಗೆ ಅವ್ವ ಚಾಪೆಯಿಂದ ಏಳಲಿಲ್ಲ. "ತಲಿ ಭಾಳ ಸಿಡ್ಯಾಕತ್ತದ. ನೀ ಒಬ್ಬಾಕೀನ ಹೋಗಿ ಬಾ."

ನಸುಕಿನಲ್ಲೇ ಬಿಚ್ಚಿದ ನಾಲ್ಕೂ ಬೋಲ್ಟುಗಳು ಆಗಲೇ ಶೈಲಶ್ರೀಯ ಪರ್ಸಿನಲ್ಲಿದ್ದವು. ಕಟಾಂಜನ ಗೋಡೆಗೆ ಸುಮ್ಮನೆ ಆತು ನಿಂತಿತ್ತು, ತೂತುಗಳಲ್ಲಿ ಹಿಟ್ಟು ಒಣಗುತ್ತಿತ್ತು. ಅವಳು ಅಡುಗೆಮನೆಯಲ್ಲಿ ನಿಂತು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಯೋಚಿಸಿದಳು. ಅವ್ವ ಉಂಡ ಮೇಲೆ ಎರಡರಿಂದ ನಾಲ್ಕರ ತನಕ ಒಳಕೋಣೆಯ ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ಗ್ಯಾಲರಿಗಂತೂ ಕಾಲಿಟ್ಟದ್ದನ್ನು ಕಂಡೇ ಇಲ್ಲ. ಹಾಗೆ ನೋಡಿದರೆ ಇದು ಇನ್ನೂ ಗಟ್ಟಿ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ನಾನು ಮಲಗಿದ್ದೆ ಎಂದು ಅವ್ವ ತನ್ನ ಬಾಯಿಂದಲೇ ಹೇಳುತ್ತಾಳೆ, ಅದು ನಿಜವೂ ಆಗಿರುತ್ತದೆ. ಅವಳು ಹೋಗಿ ಅವ್ವನ ಹಣೆಗೆ ಅಮೃತಾಂಜನ ಹಚ್ಚಿದಳು.

"ಅವ್ವಾ, ಹಿಂದಿನ ಗ್ಯಾಲರಿಗೆ ಹೋಗಬ್ಯಾಡ. ಅಕಿ ಉಗುಳಿದ್ದು ಎಲ್ಲಾ ಹಂಗ ಅದ. ತೊಳದಿಲ್ಲ ನಾ."

"ನಾ ಯಾಕ ಹೋಗ್ಲವಾ ಅಲ್ಲಿ," ಅಂದಳು ಅವ್ವ, ಮುಖ ಗೋಡೆಯ ಕಡೆ ತಿರುಗಿಸಿ.

ಬಾಗಿಲ ತನಕ ಬಂದ ರುದ್ರವ್ವ ಮಡಿಲಿಗೆ ಎಲೆ ಅಡಿಕೆ ಹಾಕಿ, "ರಾತ್ರಿ ಆದ್ರ ಅಲ್ಲೇ ಉಳಿ ಯವ್ವಾ, ಬಸಿನ್ಯಾಗ ಧಕ್ಕಿ ಹೊಡಿತದ. ನಿಮ್ಮವ್ವಗ ನಾ ಅದೀನಿ," ಅಂದಳು. ಎಲೆಯ ಮೇಲೆ ಬೆರಳಿನ ಗುರುತು ಇತ್ತು. ಶೈಲಶ್ರೀ ಬಸ್ ಸ್ಟ್ಯಾಂಡಿನ ಹತ್ತಿರ ಅದನ್ನು ಚರಂಡಿಗೆ ಎಸೆದಳು. ಶಿರೂರಿನಲ್ಲಿ ಇಳಿದ ಮೇಲೆ ಸೇತುವೆಯ ತನಕ ನಡೆದು ಬೋಲ್ಟುಗಳನ್ನು ಘೋಡ ನದಿಗೆ ಹಾಕಿದಳು.

ತೊಟ್ಟಿಲ ಹತ್ತಿರ ಅವಳು ಚೆನ್ನಾಗಿ ಹಾಡಿದಳು. ಎಂದೂ ಬಾಯಿ ತೆರೆಯದ ಹುಡುಗಿ ಹಾಡಿದ್ದು ನೋಡಿ ದೀಪಾಲಿಯ ಅತ್ತೆ ಎರಡನೇ ಸಲ ಹಾಡಿಸಿದಳು. ಮೂರು ದಾಟಿ ಹತ್ತು ನಿಮಿಷಕ್ಕೆ ಫೋನ್ ಬಂತು. ಶಿವರಾಜ. "ಲಗೂನ ಬಾ. ಗ್ಯಾಲರಿ ಕಟಾಂಜನ ಮುರದು ಬಿತ್ತಂತ, ನೀತಾ ಫೋನ್ ಮಾಡಿದ್ಲು, ನಾನೂ ಹೊಂಟೀನಿ..." ಅವನ ದನಿ ಒಡೆಯಿತು. ಶೈಲಶ್ರೀ ಹೂಂ ಅಂದು ಫೋನ್ ಇಟ್ಟಳು. ಯಾರು ಬಿದ್ದರು ಎಂದು ಕೇಳಲಿಲ್ಲ. ಕೇಳುವುದು ಏನಿತ್ತು?

ಬಸ್ಸಿನಲ್ಲಿ ಎರಡು ತಾಸು ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡಳು. ಎಲ್ಲಿ ಅಳಬೇಕು, ಎಷ್ಟು ಅಳಬೇಕು ಎಂದು ಗೊತ್ತು ಮಾಡಿಕೊಂಡಳು. ನಾಳೆಯೇ ಆ ಡಬ್ಬಿ, ಆ ಮಣೆ, ಪರದೆ ಎಲ್ಲ ಎಸೆಯಬೇಕು. ಗೋಡೆಗೆ ಸುಣ್ಣ ಹೊಡೆಸಬೇಕು. ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಹಸಿವಾಯಿತು.

ಕಟ್ಟಡದ ಹಿಂದೆ ಜನ ಗುಂಪುಗೂಡಿದ್ದರು. ಒಬ್ಬ ಪೊಲೀಸ್ ಬರೆದುಕೊಳ್ಳುತ್ತಿದ್ದ. ಮೋಟರ್ ಕಟ್ಟೆಯ ಹತ್ತಿರ ನೀತಾಳ ಹೂವಿನ ಚಾದರ ಹೊದಿಸಿತ್ತು. ಶಿವರಾಜ ಅದರ ಆಚೆ ಕುಕ್ಕರುಗಾಲಿನಲ್ಲಿ ಕೂತು, ಬಿದ್ದ ಕಟಾಂಜನದ ತುದಿಯನ್ನು ತೊಡೆಯ ಮೇಲಿಟ್ಟುಕೊಂಡು ತೂತಿನೊಳಗೆ ಉಗುರು ಹಾಕಿ ನೋಡುತ್ತಿದ್ದ. ಶೈಲಶ್ರೀ ಗುಂಪನ್ನು ಸೀಳಿಕೊಂಡು ಹೋದಳು. ಬಸ್ಸಿನಲ್ಲಿ ಗೊತ್ತುಮಾಡಿಕೊಂಡ ಹಾಗೆಯೇ ಎರಡೂ ಕೈ ಎದೆಗೆ ಬಡಿದುಕೊಂಡು, "ಅತ್ತೀ... ನಮ್ಮತ್ತೀ..." ಎಂದು ಒದರಿದಳು.

ಹಿಂದಿನಿಂದ ಒಂದು ಕೈ ಬಂದು ಅವಳ ಹೆಗಲು ಹಿಡಿಯಿತು. ತಿರುಗಿದರೆ ರುದ್ರವ್ವ. ಅತ್ತು ಅತ್ತು ಮುಖ ಬಾತಿತ್ತು.

"ನಾ ಇಲ್ಲೇ ಅದೀನಿ ಯವ್ವಾ," ಅಂದಳು ರುದ್ರವ್ವ. "ನಿನಗ ಹೇಸಿಗಿ ಅಂತ ಹೇಳಿದ್ದಿಲ್ಲ. ನಿಮ್ಮವ್ವಗ ಬಿಡಾಕ ಆಗಿದ್ದಿಲ್ಲ ಅದು. ಬಂದ ದಿನದಿಂದ ನನ್ನ ಡಬ್ಬಿ ಒಳಗಿಂದನ ತಿಕ್ಕತಿದ್ರು. ನೀ ನೋಡ್ತಿ ಅಂತ ಬಚ್ಚಲದಾಗ ಚಿಲಕಾ ಹಾಕ್ಕೊಂಡು, ನಿಂತಗೊಂಡು. ಕಣ್ಣು ಕಾಣೂದಿಲ್ಲ, ಕಲಿ ಹಂಗ ಉಳೀತಿತ್ತು. ನಂದು ಅಂದೆ ನಾ. ಇವತ್ತ ನೀ ಇಲ್ಲ. ಬೀಗತೆರ, ಇವತ್ತರೆ ಗಾಳ್ಯಾಗ ಆರಾಮ ಕೂತು ತಿಕ್ಕೋರಿ ಅಂದು ನನ್ನ ಮಣಿ ಕೊಟ್ಟು, ಚಾ ಇಡಾಕ ಒಳಗ ಹೋದೆ." ಶೈಲಶ್ರೀ ಕೂತು ಚಾದರದ ಅಂಚು ಎತ್ತಿದಳು. ಅವ್ವನ ತೋರುಬೆರಳು ಎರಡನೇ ಗೆಣ್ಣಿನ ತನಕ ಕಪ್ಪಾಗಿತ್ತು. ಕಟವಾಯಿಂದ ಗದ್ದದ ತನಕ ಇಳಿದ ಕರಿ ಎಂಜಲು ಒಣಗಿ ಅಂಟಿಕೊಂಡಿತ್ತು. ಒಣಗಿದ್ದನ್ನು ಹೇಗೆ ತೆಗೆಯಬೇಕೆಂದು ಅವಳಷ್ಟು ಬಲ್ಲವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ ಓಢಣಿಯ ಚುಂಗಿನಿಂದ ಸುಮ್ಮನೆ ಒರೆಸಿದಳು, ಅದು ಹೋಗಲಿಲ್ಲ. "ಒಂದೀಟು ನೀರು ಕೊಡ್ರಿ," ಅಂದಳು. ಶಿವರಾಜ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ, ಅವನ ಉಗುರಿನಲ್ಲಿ ಕಂದು ಹಿಟ್ಟು ಮೆತ್ತಿತ್ತು. ಯಾರೂ ಕದಲಲಿಲ್ಲ. "ಬಾಯಿ ತೊಳಿಬೇಕು. ಒಂದೀಟು ನೀರು ಕೊಡ್ರಿ."