ಎರಡು ಕಾರ್ಡು, ಒಂದು ಉಸಿರು

ಬೆಳಗಿನ ಏಳೂವರೆಗೆ ಉಸಿರುಪೆಟ್ಟಿಗೆಯ ಮುಂದೆ ಸಾಲು ಶುರುವಾಗುತ್ತಿತ್ತು. ಹಗರಿ ವಿಶ್ವವಿದ್ಯಾಲಯದ ನಾಲ್ಕನೇ ಹುಡುಗಿಯರ ಹಾಸ್ಟೆಲಿನಲ್ಲಿ, ಮೆಸ್ಸಿನ ಬಾಗಿಲ ಪಕ್ಕ, ಪರದೆ ಕಟ್ಟಿದ ಒಂದು ಪುಟ್ಟ ಗೂಡು. ಒಬ್ಬೊಬ್ಬಳೇ ಒಳಗೆ ಹೋಗಿ ಗುರುತಿನ ಕಾರ್ಡು ತಾಗಿಸಬೇಕು, ಮಾಸ್ಕು ಕೆಳಗಿಳಿಸಿ ಕೊಳವೆಯೊಳಕ್ಕೆ ಐದು ಎಣಿಸುವಷ್ಟು ಹೊತ್ತು ಉಸಿರು ಬಿಡಬೇಕು. ಹಸಿರು ದೀಪ ಹತ್ತಿದರೆ ಮೆಸ್ಸು, ಆಮೇಲೆ ಕ್ಲಾಸು. ಕೆಂಪು ಹತ್ತಿದರೆ ಎಡಗಡೆಯ ಬಾಗಿಲಿನಿಂದ ನೇರ ಆರೈಕೆ ಭವನಕ್ಕೆ, ಹದಿನಾಲ್ಕು ದಿನ. ಒಂಬತ್ತು ಗಂಟೆಯೊಳಗೆ ಯಾರ ಕಾರ್ಡು ತಾಗಲಿಲ್ಲವೋ ಅವಳ ಕೋಣೆಗೆ ವಾರ್ಡನ್ ಬರುತ್ತಿದ್ದರು.

ಅದು 2057ನೆಯ ಇಸವಿ, ಮಬ್ಬುಜ್ವರದ ಎರಡನೇ ಅಲೆ. ಬಹಳ ಮೋಸದ ಕಾಯಿಲೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಾ ಹೋದರೂ ರೋಗಿಗೆ ಏದುಸಿರು ಬರುವುದಿಲ್ಲ. ಒಂದಿಷ್ಟು ನೆಗಡಿ, ಒಂದಿಷ್ಟು ತೂಕಡಿಕೆ, ಅಷ್ಟೇ. ಹತ್ತರಲ್ಲಿ ಒಂಬತ್ತು ಮಂದಿಗೆ ಅದು ತಾನಾಗಿಯೇ ಇಳಿಯುತ್ತಿತ್ತು. ಹತ್ತನೆಯವರು ಯಾರು ಎಂಬುದು ಮೊದಲೇ ಗೊತ್ತಾಗುತ್ತಿರಲಿಲ್ಲ. ಔಷಧಿ ಇತ್ತು, ಆದರೆ ಮೊದಲ ಮೂರು ದಿನದೊಳಗೆ ಕೊಟ್ಟರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಆ ಮೂರು ದಿನವನ್ನು ಹಿಡಿಯುವುದಕ್ಕೆಂದೇ ಡಾ. ಪ್ರೇರಣಾ ಹಲಗೇರಿ ಈ ಪೆಟ್ಟಿಗೆ ಮಾಡಿದ್ದು. ನಾವು ಹೊರಬಿಡುವ ಗಾಳಿಯಲ್ಲಿ ನೂರಾರು ಬಗೆಯ ರಾಸಾಯನಿಕಗಳು ಎಳೆಯಷ್ಟು ಇರುತ್ತವೆ. ಸೋಂಕು ತಗುಲಿದವರಲ್ಲಿ ಅವುಗಳ ಪೈಕಿ ಏಳರ ಪ್ರಮಾಣ ಏರುಪೇರಾಗುತ್ತದೆ. ಪೆಟ್ಟಿಗೆ ಆ ಏಳನ್ನು ಮೂಸಿ ನೋಡುತ್ತಿತ್ತು.

ಏಳನ್ನು ಮಾತ್ರ, ಉಳಿದದ್ದನ್ನು ನೋಡದಂತೆ ಪ್ರೇರಣಾ ಬೇಕೆಂದೇ ಅದರ ಕಣ್ಣು ಕಟ್ಟಿದ್ದರು. ಉಸಿರಿನಲ್ಲಿ ಏನೇನು ಗುಟ್ಟು ಇರುವುದಿಲ್ಲ ಹೇಳಿ. ನಿನ್ನೆ ಯಾರು ಕುಡಿದರು, ಯಾರು ಉಪವಾಸ ಬಿದ್ದಿದ್ದಾರೆ, ಯಾವ ಹುಡುಗಿಗೆ ದಿನ ನಿಂತಿದೆ, ಎಲ್ಲವೂ ಅಲ್ಲಿರುತ್ತದೆ. ಹದಿಹರೆಯ ದಾಟಿದ ಮಕ್ಕಳ ಅಷ್ಟೂ ಗುಟ್ಟು ವಾರ್ಡನ್ನಿನ ಮೇಜಿಗೆ ಬರುವುದು ಬೇಡ ಎಂದು ಅವರು ಹಟ ಹಿಡಿದಿದ್ದರು. ಆ ಏಳರ ಪ್ರಮಾಣದಲ್ಲೇ ಬೆರಳಚ್ಚಿನಂತೆ ಒಬ್ಬೊಬ್ಬರ ಉಸಿರಿಗೂ ಒಂದು ಚಹರೆ ಇರುತ್ತದೆ. ಅದನ್ನು ಯಾರ ಹೆಸರಿಗೂ ಹೊಂದಿಸದೆ, ದಿನದ ಕೊನೆಗೆ ಅಳಿಸಿಬಿಡುವಂತೆ ಮಾಡಿದ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಇಪ್ಪತ್ತೊಂದು ದಿನದಿಂದ ಆ ಹಾಸ್ಟೆಲಿನಲ್ಲಿ ಒಂದೇ ಒಂದು ಕೆಂಪು ದೀಪ ಹತ್ತಿರಲಿಲ್ಲ. ಕುಲಪತಿಗಳು ಪತ್ರಕರ್ತರನ್ನು ಕರೆದು ಕೂರಿಸಿಕೊಂಡು, ರಾಜ್ಯದಲ್ಲೇ ಅತ್ಯಂತ ಸುರಕ್ಷಿತ ಕ್ಯಾಂಪಸ್ ನಮ್ಮದು ಅಂದರು. ಪ್ರೇರಣಾ ಪಕ್ಕದಲ್ಲಿ ಕುಳಿತು ನಕ್ಕರು, ಫೋಟೋಕ್ಕೆ ನಿಂತರು. ಆದರೆ ಒಳಗೇ ಏನೋ ಕೊರೆಯುತ್ತಿತ್ತು. ಊರಿಗೆ ಊರೇ ಮಲಗಿರುವಾಗ ಆರು ನೂರು ಹುಡುಗಿಯರಲ್ಲಿ ಒಬ್ಬಳಿಗೂ ತಗುಲಿಲ್ಲವೆಂದರೆ ಯಂತ್ರ ಕಟ್ಟಿದವರಿಗೇ ನಂಬಲಾಗುವುದಿಲ್ಲ.

ಕೊರೆತಕ್ಕೆ ಬಾಯಿ ಬಂದದ್ದು ಮೆಸ್ಸಿನ ಶರಣಮ್ಮನಿಂದ. ಹದಿನೆಂಟು ವರ್ಷದಿಂದ ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸು. ಕೊಳವೆ ಸ್ವಚ್ಛ ಮಾಡಲು ಬಂದಿದ್ದ ಪ್ರೇರಣಾರನ್ನು ಅಡುಗೆಮನೆಗೆ ಕರೆದು, ಮುಚ್ಚಿಟ್ಟಿದ್ದ ಬುಟ್ಟಿಯನ್ನು ತೆರೆದು ತೋರಿಸಿದಳು.

"ಮೇಡಮ್ಮಾರ, ನಿಮ್ಮ ಪೆಟ್ಟಿಗಿ ಎಲ್ಲಾರೂ ಆರಾಮದಾರ ಅಂತೈತಿ. ನನ್ನ ರೊಟ್ಟಿ ಬುಟ್ಟಿ ಬ್ಯಾರೆ ಹೇಳ್ತೈತಿ. ದಿನಾ ಇಷ್ಟು ಉಳೀತಾವ. ಗಂಜಿ ಮಾತ್ರ ಡಬ್ಬಿ ಡಬ್ಬಿ ಮ್ಯಾಲೆ ರೂಮಿಗೆ ಹೊಕ್ಕೈತಿ. ಆರಾಮಿದ್ದೋರು ಯಾರರ ದಿನಾ ಗಂಜಿ ಕುಡೀತಾರೇನ್ರಿ?"

ಪ್ರೇರಣಾ ಲ್ಯಾಬಿಗೆ ಹೋಗಿ, ಸಂಜೆಗೆ ಅಳಿಸಿಹೋಗಬೇಕಿದ್ದ ಆ ದಿನದ ಉಸಿರುಗಳನ್ನು ತೆರೆದರು. ಹೆಸರು ಇರಲಿಲ್ಲ, ಬರೀ ಚಹರೆಗಳನ್ನು ಎಣಿಸಿದರು. ಕಾರ್ಡುಗಳು ಆರು ನೂರ ಹನ್ನೆರಡು ಇದ್ದವು, ಉಸಿರಾಡಿದವರು ಐದು ನೂರ ನಲವತ್ತೊಂದೇ ಜನ. ಒಂದೇ ಉಸಿರು ಏಳು ಗಂಟೆ ನಲವತ್ತಕ್ಕೆ ಒಂದು ಕಾರ್ಡಿನ ಮೇಲೆ, ಎಂಟಕ್ಕೆ ಇನ್ನೊಂದು ಕಾರ್ಡಿನ ಮೇಲೆ. ಎಪ್ಪತ್ತೊಂದು ಕಡೆ ಹೀಗಾಗಿತ್ತು.

ಮೊದಲು ಅವರಿಗೆ ನಗು ಬಂತು. ಪ್ರಾಕ್ಸಿ ಹಾಕುತ್ತಿದ್ದಾರೆ! ತಾವೂ ಓದುವಾಗ ಹಿಂದಿನ ಬೆಂಚಿನಲ್ಲಿ ಕುಳಿತು, ಗಂಟಲು ಬದಲಿಸಿ ಗೆಳತಿಯ ನಂಬರಿಗೆ "ಯೆಸ್ ಸರ್" ಅಂದವರೇ. ಆಮೇಲೆ ಅದರ ಅರ್ಥ ಹೊಳೆಯಿತು. ಎಪ್ಪತ್ತೊಂದು ಹುಡುಗಿಯರು ಮೇಲೆ ಕೋಣೆಗಳಲ್ಲಿ ಹೊದ್ದು ಮಲಗಿದ್ದರು, ಅವರ ಬದಲು ಆರೋಗ್ಯವಂತರು ಊದುತ್ತಿದ್ದರು.

ಯಾಕೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ವಿಶ್ವವಿದ್ಯಾಲಯವೇನೂ ಕಟುಕರ ಅಂಗಡಿಯಲ್ಲ. ಆರೈಕೆ ಭವನದಲ್ಲಿ ಹಾಸಿಗೆ ಮೆತ್ತಗಿತ್ತು, ಬಿಸಿ ನೀರಿತ್ತು, ಮನಸ್ಸು ಕುಗ್ಗಿದವರ ಜೊತೆ ಮಾತಾಡಲು ಆಪ್ತ ಸಲಹೆಗಾರರಿದ್ದರು, ಮಲಗಿದಲ್ಲಿಯೇ ಪಾಠ ಕೇಳಲು ತೆರೆಯಿತ್ತು. ಆದರೆ ಆ ತೆರೆಯ ಪಾಠಕ್ಕೆ ಹಾಜರಿ ಇರಲಿಲ್ಲ. ಮೊದಲ ಅಲೆಯಲ್ಲಿ ಕೆಲವರು ಕಾಯಿಲೆಯ ನೆಪ ಹೇಳಿದರೆಂದು ನಿಯಮ ಮಾಡಿದ್ದರು. ಶೇಕಡಾ ಎಪ್ಪತ್ತೈದು ಹಾಜರಿ ಕ್ಲಾಸಿನಲ್ಲೇ ಆಗಬೇಕು, ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ, ವರ್ಷ ಹೋಯಿತು. ಕೆಂಪು ದೀಪವೆಂದರೆ ಹದಿನಾಲ್ಕು ದಿನದ ಗೈರುಹಾಜರಿ. ಆ ನಿಯಮದ ಕಾಗದದ ಕೆಳಗೆ ಏಳು ಸಹಿಗಳಿದ್ದವು. ನಾಲ್ಕನೆಯದು ಪ್ರೇರಣಾ ಹಲಗೇರಿಯವರದು. ಸಭೆ ಬೇಗ ಮುಗಿಯಲಿ ಎಂದು ಓದದೆ ಹಾಕಿದ್ದರು.

ಎರಡು ಕಾರ್ಡಿಗೆ ಒಂದೇ ಉಸಿರು ಎಂಬುದಷ್ಟೇ ಗೊತ್ತಾಗಿತ್ತು, ಆ ಕಾರ್ಡುಗಳು ಯಾರವೆಂಬುದನ್ನು ಪೆಟ್ಟಿಗೆ ಉಸಿರಿನ ಜೊತೆ ಇಟ್ಟುಕೊಂಡಿರಲಿಲ್ಲ. ಊದಿದವಳು ಯಾರು, ಮಲಗಿದವಳು ಯಾರು ಎಂದು ಪೆಟ್ಟಿಗೆ ಹೇಳಲಾರದು. ಕೋಣೆ ಕೋಣೆ ತಪಾಸಣೆ ಮಾಡಿದರೆ ಹುಡುಗಿಯರು ಅಡಗಿಸುತ್ತಾರೆ, ಹೊತ್ತು ಹೋಗುತ್ತದೆ. ಅವರೇ ಬಾಯಿಬಿಡಬೇಕು. ಪ್ರೇರಣಾ ಓಡಿದ್ದು ಕುಲಸಚಿವ ವೀರೇಂದ್ರ ಕವಲೂರರ ಕೋಣೆಗೆ. ಕವಲೂರರು ಕೇಳಿ ಬೆಚ್ಚಿದರು, ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಹೇಳಿದವರ ಮೇಲೆ ಯಾವ ಕ್ರಮವೂ ಇರಬಾರದು ಎಂದು ಪ್ರೇರಣಾ ಕೇಳಿಕೊಂಡಾಗ, ಇಲ್ಲ ಅನ್ನಲಿಲ್ಲ.

"ನೀವು ಹೋಗಿ ಹೇಳ್ರಿ ಮೇಡಂ. ಯಾರಿಗೂ ಏನೂ ಆಗಂಗಿಲ್ಲ. ಮೊದ್ಲು ಹುಡುಗ್ಯಾರ ಜೀವ ಉಳೀಲಿ."

ಆ ಮಾತನ್ನು ಅವರು ಮನಸ್ಸಿನಿಂದಲೇ ಆಡಿದ್ದರು. ಪ್ರೇರಣಾರಿಗೆ ಅದನ್ನು ಬರೆಸಿಕೊಳ್ಳಬೇಕೆಂದು ಹೊಳೆಯಲಿಲ್ಲ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕುಳಿತಿದ್ದಾಗ ಅವರು ಮೆಸ್ಸಿನ ನಡುವೆ ನಿಂತರು. ತಾವೂ ಪ್ರಾಕ್ಸಿ ಹಾಕಿದವರೇ ಎಂದು ಹೇಳಿದರು, ಕೆಲವರು ನಕ್ಕರು. ಮೂರು ದಿನದ ಲೆಕ್ಕ ಹೇಳಿದರು, ನಗು ನಿಂತಿತು. ಹೆಸರು ಹೇಳಿದರೆ ಹಾಜರಿಗೂ ಹಾಲ್ ಟಿಕೆಟ್ಟಿಗೂ ಕುತ್ತು ಬರುವುದಿಲ್ಲ, ನನ್ನ ಮಾತು ನಂಬಿ ಎಂದರು.

ಕಡೆಗೆ ಕಿಟಕಿಯ ಹತ್ತಿರ ಒಬ್ಬಳು ಎದ್ದಳು. ಚಿನ್ಮಯಿ ಬೆಣಕಲ್, ರಸಾಯನಶಾಸ್ತ್ರದ ಎರಡನೇ ವರ್ಷದವಳು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಮೇಡಂ, ತನ್ವಿ ಬದ್ಲಿ ನಾನ ಊದ್ತಿದ್ನಿರಿ, ಕ್ಲಾಸಿನ್ಯಾಗೂ ಆಕಿ ಹಾಜರಿ ನಾನ ಹೇಳ್ತಿದ್ನಿ. ನನ್ನ ರೂಮ್‌ಮೇಟು."

"ಎಷ್ಟು ದಿನ ಆತವ್ವಾ?"

"ಇವತ್ತಿಗೆ ಐದು. ಬರೇ ನೆಗಡಿ ಅಂದ್ಲರಿ. ಇನ್ನ ಮೂರು ಕ್ಲಾಸು ತಪ್ಪಿದ್ರ ಆಕಿ ಪರೀಕ್ಷಾಕ್ಕ ಕುಂದ್ರಂಗಿರಲಿಲ್ಲ. ಆಕಿನ ಎಬ್ಬಿಸಿದ್ರ ಈಗ ಏಳವಲ್ಲಳ್ರಿ."

ಅವಳು ಬಾಯಿಬಿಟ್ಟದ್ದೇ ಸಾಕಾಯಿತು. ಇನ್ನೊಬ್ಬಳು ಎದ್ದಳು, ಮತ್ತೊಬ್ಬಳು, ಆಮೇಲೆ ಸಾಲು ಸಾಲು. ಅಳುತ್ತಾ ಬಂದವರು ಕೆಲವರು, ಪ್ರೇರಣಾರ ಕೈ ಹಿಡಿದುಕೊಂಡವರು ಕೆಲವರು. ಊದಿದವರು ಯಾರು, ಮಲಗಿದವರು ಯಾರು, ಎಷ್ಟು ದಿನ ಎಂದು ಪ್ರೇರಣಾ ತಮ್ಮ ಕೈಯಾರೆ ಒಂದು ಹಾಳೆಯ ಮೇಲೆ ಬರೆದುಕೊಂಡರು. ಆಂಬುಲೆನ್ಸಿನವರಿಗೆ ಆ ಹಾಳೆ ಕೊಟ್ಟರು. ಅದರ ಒಂದು ಪ್ರತಿ ಕುಲಸಚಿವರ ಕಚೇರಿಗೂ ಹೋಯಿತು.

ಎಪ್ಪತ್ತೊಂದರಲ್ಲಿ ಐವತ್ತಾರು ಜನ ಮೂರು ದಿನದೊಳಗಿದ್ದರು, ಅವರೆಲ್ಲ ಎದ್ದು ಕುಳಿತರು. ದಿನ ದಾಟಿದ ಹದಿನೈದರಲ್ಲಿ ಹದಿನಾಲ್ಕು ಮಂದಿಯನ್ನು ಅವರ ಮೈಯೇ ಕಾಪಾಡಿತು. ತನ್ವಿ ಉಳಿಯಲಿಲ್ಲ. ನಡುವೆ ಒಮ್ಮೆ ಎಚ್ಚರವಾಗಿ, ಇಲ್ಲಿ ಮಲಗಿದ್ದಕ್ಕೆ ಹಾಜರಿ ಹಾಕುತ್ತಾರೋ ಎಂದು ದಾದಿಯನ್ನು ಕೇಳಿದ್ದಳಂತೆ. ಹೌದು, ಹಾಕುತ್ತಾರೆ ಎಂದು ದಾದಿ ಸುಳ್ಳು ಹೇಳಿದಳಂತೆ. ಇದನ್ನು ಕೇಳಿದ ಪ್ರೇರಣಾ ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತರು. ನಾನೇ ಕೊಂದೆ, ನನ್ನ ಸಹಿ ಕೊಂದಿತು ಎಂದು ತಮಗೆ ತಾವೇ ಹೇಳಿಕೊಂಡರು. ಹಾಗೆ ಹೇಳಿಕೊಂಡರೂ ಎದೆ ಹಗುರವಾಗಲಿಲ್ಲ.

ಸಾವು ಪತ್ರಿಕೆಗೆ ಬಂದ ಮೇಲೆ ಯಾರಾದರೂ ಹೊಣೆ ಹೊರಬೇಕಲ್ಲ. ವಿಶ್ವವಿದ್ಯಾಲಯದ ವಿಚಾರಣಾ ಸಮಿತಿ ಕೂಡಿತು, ಹೆಸರುಗಳಿದ್ದ ಆ ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡಿತು. ಸೋಂಕು ಮುಚ್ಚಿಟ್ಟು ಸಹಪಾಠಿಯ ಸಾವಿಗೆ ಕಾರಣಳಾದ ಚಿನ್ಮಯಿ ಬೆಣಕಲ್‌ಳನ್ನು ವಿಶ್ವವಿದ್ಯಾಲಯದಿಂದ ಹೊರಹಾಕಲಾಯಿತು. ಹಾಳೆಯಲ್ಲಿದ್ದ ಉಳಿದವರೆಲ್ಲರ ಹಾಲ್ ಟಿಕೆಟ್ ತಡೆಹಿಡಿಯಲಾಯಿತು. ಹಾಜರಿಯ ನಿಯಮದ ಬಗ್ಗೆ ಚರ್ಚೆಗೆ ಹೊತ್ತು ಸಾಲಲಿಲ್ಲ. ಉಸಿರಿನ ಚಹರೆಯನ್ನು ಹೆಸರಿಗೆ ಹೊಂದಿಸಿಡುವಂತೆ ಪೆಟ್ಟಿಗೆಯನ್ನು ಬದಲಿಸಿಕೊಡಬೇಕೆಂದು ಪ್ರೇರಣಾರಿಗೆ ಸೂಚನೆ ಬಂತು.

ಅವರು ಕವಲೂರರ ಮುಂದೆ ನಿಂತು ಕೊಟ್ಟ ಮಾತನ್ನು ನೆನಪಿಸಿದರು. ಕವಲೂರರು ಸಮಿತಿಯ ಕಡತವನ್ನು ಅವರತ್ತ ತಳ್ಳಿದರು.

"ಆವತ್ತು ನಾನು ಮನಿಷ್ಯಾನಾಗಿ ಹೇಳಿದ್ದೆ ಮೇಡಂ. ಸಮಿತಿ ಮುಂದ ಬರವಣಿಗಿ ಬೇಕು. ನನ್ನ ಕಡೆ ಏನೈತಿ, ಹೇಳ್ರಿ?"

ಚಿನ್ಮಯಿ ಟ್ರಂಕು ಹೊತ್ತುಕೊಂಡು ಬಸ್ಸಿಗೆ ಹೋಗುವಾಗ ಪ್ರೇರಣಾ ಗೇಟಿನವರೆಗೆ ಹೋದರು. ಹುಡುಗಿ ಬೈಯಲಿಲ್ಲ, ಕೈಯೂ ಮುಗಿಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಪ್ರೇರಣಾರಿಗೆ ಅನ್ನಿಸಿತು.

ವಾರ ಕಳೆಯುವಷ್ಟರಲ್ಲಿ, ಪೆಟ್ಟಿಗೆಗಳನ್ನು ಇನ್ನೂ ಬದಲಿಸಿರದಿದ್ದಾಗಲೇ, ಎರಡನೇ ಹುಡುಗರ ಹಾಸ್ಟೆಲಿನ ಪೆಟ್ಟಿಗೆಯ ಸಂಖ್ಯೆ ಅವರ ಕಣ್ಣಿಗೆ ಬಿತ್ತು. ಕಾರ್ಡುಗಳು ನಾನೂರ ಮೂವತ್ತು, ಉಸಿರಾಡಿದವರು ಮುನ್ನೂರ ಎಪ್ಪತ್ತೊಂದು. ಐವತ್ತೊಂಬತ್ತು ಹುಡುಗರು ಎಲ್ಲೋ ಮಲಗಿದ್ದಾರೆ, ಅವರ ಮೂರು ದಿನ ಸವೆಯುತ್ತಿದೆ. ಪ್ರೇರಣಾ ಅಲ್ಲಿಯ ಮೆಸ್ಸಿಗೆ ಓಡಿದರು. ಮತ್ತೆ ನಡುವೆ ನಿಂತರು, ಮತ್ತೆ ಮೂರು ದಿನದ ಲೆಕ್ಕ ಹೇಳಿದರು. ಈ ಸಲ ಯಾರ ಹೆಸರನ್ನೂ ಬರೆಯುವುದಿಲ್ಲ, ಯಾರ ಕೈಗೂ ಕೊಡುವುದಿಲ್ಲ, ಬೇಕಾದರೆ ನನ್ನ ಕೆಲಸ ಹೋಗಲಿ ಎಂದರು.

ಹುಡುಗರು ತಟ್ಟೆ ನೋಡಿಕೊಂಡು ಕುಳಿತಿದ್ದರು. ಎತ್ತರದ ಹುಡುಗನೊಬ್ಬ, ಬಹುಶಃ ಎಂ.ಎಸ್ಸಿ.ಯವನು, ಮರ್ಯಾದೆಯಿಂದಲೇ ಎದ್ದು ನಿಂತ.

"ಮೇಡಂ, ಒಂದ್ ಮಾತು ಕೇಳ್ಲೇನ್ರಿ? ನಿಮ್ಮ ಮಾತು ನಂಬಿದ್ಲಲ್ಲ, ಆ ಚಿನ್ಮಯಿ, ಈಗ ಎಲ್ಲಿದಾಳ್ರಿ?"

ಹುಡುಗ ಉತ್ತರಕ್ಕೆ ಕಾದು ಕುಳಿತುಕೊಂಡ. ಎಲ್ಲರೂ ಊಟ ಮುಂದುವರಿಸಿದರು.

ಕೋಣೆಗಳ ಕೀಲಿ ಕೊಡಿ ಎಂದು ವಾರ್ಡನ್ನನ್ನು ಕೇಳಿದರು. ಬರವಣಿಗೆಯಲ್ಲಿ ಆದೇಶ ಬೇಕು ಎಂದರು ವಾರ್ಡನ್. ಕವಲೂರರಿಗೆ ಫೋನ್ ಮಾಡಿದರು. ಇನ್ನೊಂದು ಹಾಸ್ಟೆಲಿನ ಸುದ್ದಿ ಈಗಲೇ ಹೊರಬಿದ್ದರೆ ಪರೀಕ್ಷೆಯೇ ನಿಲ್ಲುತ್ತದೆ, ಸೋಮವಾರ ಸಮಿತಿಯಲ್ಲಿಡೋಣ ಎಂಬ ಉತ್ತರ ಬಂತು. ಅಂದು ಗುರುವಾರ. ಪ್ರೇರಣಾ ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿದರು.

ಮೊದಲ ಬಾಗಿಲು ತಟ್ಟಿದರು. ಒಳಗೆ ಯಾರಾದರೂ ಹುಷಾರಿಲ್ಲದವರು ಇದ್ದೀರೇನಪ್ಪಾ ಎಂದು ಕೇಳಿದರು. ಬಾಗಿಲು ತೆರೆಯಲಿಲ್ಲ. "ಆರಾಮದೀವ್ರಿ ಮೇಡಂ" ಎಂದು ಗಟ್ಟಿಯಾದ, ಸ್ವಚ್ಛವಾದ ದನಿಯೊಂದು ಒಳಗಿನಿಂದ ಹೇಳಿತು. ಎರಡನೆಯ ಬಾಗಿಲಿನಲ್ಲೂ ಅದೇ ಉತ್ತರ. ಮೂರನೆಯದರಲ್ಲೂ ಅದೇ. ಎಷ್ಟೋ ಕೋಣೆಗಳಲ್ಲಿ ಆರೋಗ್ಯವಾಗಿರುವ ಒಬ್ಬ, ಮಾತಾಡಲಾಗದೆ ಮಲಗಿರುವ ಗೆಳೆಯನ ಪರವಾಗಿ ಉತ್ತರ ಕೊಡುತ್ತಿದ್ದ. ಪ್ರೇರಣಾ ನಾಲ್ಕೂ ಮಹಡಿಯ ಬಾಗಿಲುಗಳನ್ನು ತಟ್ಟಿದರು, ಕೈಗೆಣ್ಣು ಕೆಂಪಾಗುವಷ್ಟು ತಟ್ಟಿದರು. ಒಂದೂ ತೆರೆಯಲಿಲ್ಲ.

ಉಸಿರುಪೆಟ್ಟಿಗೆ ಬರುವುದಕ್ಕೆ ಇನ್ನೂ ಮೂವತ್ತು ವರ್ಷವಿದೆ, ಬಾರದೆಯೂ ಇರಬಹುದು. ಆ ಬಾಗಿಲುಗಳ ಹಿಂದೆ ಇರುವ ಹುಡುಗರಂತೂ ಇವತ್ತೇ ನಮ್ಮ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಹುಷಾರಿಲ್ಲ ಎಂದು ರಜೆ ಕೇಳಿದ ವಿದ್ಯಾರ್ಥಿಗೆ ಹೋದ ವಾರ, ಪಾಠ ಹೇಳುವವರಾದ ನೀವು ಏನು ಉತ್ತರ ಕೊಟ್ಟಿರಿ, ನೆನಪಿದೆಯೇ?