ಸೋಡಚೀಟಿಗೆ ಮೊದಲು

ಯಮುನಾಗೆ ಈರೇಶನ ಮೇಲೆ ಮೊದಲು ಬಂದದ್ದು ಪ್ರೀತಿಯಲ್ಲ, ಸಿಟ್ಟು. ಅವಳು ನರ್ಸ್ ಆಗಿದ್ದ ಕೆ.ಆರ್. ಪುರದ ಹೆರಿಗೆ ಆಸ್ಪತ್ರೆಗೆ ಅವನು ಆಕ್ಸಿಜನ್ ಸಿಲಿಂಡರ್ ತರುತ್ತಿದ್ದ. ಆಗತಾನೇ ಒರೆಸಿದ ನೆಲದ ಮೇಲೆ ಅದನ್ನು ಉರುಳಿಸಿಕೊಂಡು ಬಂದಿದ್ದ.

"ಕಣ್ಣು ಕಾಣಲ್ವೇನ್ರೀ?"

"ಕಾಣ್ತಾವ್ರಿ ಸಿಸ್ಟರ್. ನೀವು ಎದುರಿಗಿದ್ರ ನೆಲ ಕಾಣಂಗಿಲ್ಲ."

ಅಬ್ಬಾ, ಇವನ ಬಾಯಿ! ಅವಳು ಮುಖ ತಿರುಗಿಸಿಕೊಂಡಳು. ತುಟಿಯಂಚಿನ ನಗುವನ್ನು ಅವನು ನೋಡಿಯೇಬಿಟ್ಟ.

ಅಲ್ಲಿಂದ ಎಂಟು ತಿಂಗಳು, ಸಿಲಿಂಡರ್ ಬರುವ ದಿನವೆಲ್ಲ ಅವಳ ಜಡೆಯಲ್ಲಿ ಮಲ್ಲಿಗೆ. ಅವನಿಗೆ ಮದುವೆಯಾಗಿತ್ತು, ಅದನ್ನವನು ಮುಚ್ಚಿಡಲಿಲ್ಲ. ಹೆಂಡತಿ ಸೌಂದರ್ಯಾ ಮೂರು ತಿಂಗಳ ಮಗುವನ್ನೆತ್ತಿಕೊಂಡು ಸುರಪುರದ ತವರಿಗೆ ಹೋದವಳು ಎರಡು ವರ್ಷವಾದರೂ ಬಂದಿರಲಿಲ್ಲ. ಬರುವ ಭಾನುವಾರ ಊರ ಹಿರಿಯರ ಮುಂದೆ ಸೋಡಚೀಟಿ. ಅದಕ್ಕೆ ಇಬ್ಬರ ಸಹಿ ಬಿದ್ದರೆ ಗಂಡ ಹೆಂಡತಿ ಸಂಬಂಧ ಹರಿದಂತೆ. ಆಮೇಲೆ ಯಮುನಾಳ ಅಪ್ಪನ ಹತ್ತಿರ ಮಾತಾಡುತ್ತೇನೆ ಅಂದಿದ್ದ. ಮೂವತ್ತೆರಡು ದಾಟಿದವಳಿಗೆ ಬದುಕಿನ ಮೇಲೆ ಇಷ್ಟು ಆಸೆ ಯಾವತ್ತೂ ಆಗಿರಲಿಲ್ಲ.

ಶುಕ್ರವಾರ ಕ್ಯಾಂಟೀನಿನಲ್ಲಿ ಇಬ್ಬರೂ ಟೀ ಹಿಡಿದು ಕೂತಿದ್ದರು.

"ಎರಡ್ ದಿನ ಟ್ರೇನಿಂಗ್ ಅಂದ್ರಲ್ಲ, ಏನ್ ಕಲಿಸಿದ್ರು?"

"ಹೆರಿಗೇಲಿ ತಾಯಂದ್ರಿಗೆ ಗಾಯ ಆಗ್ದಿರೋ ಹಾಗೆ ನೋಡ್ಕೊಳ್ಳೋದು. ಮಗು ತಲೆ ಬರೋವಾಗ ಕೈ ಆಸರೆ ಕೊಡ್ಬೇಕು, ಅವಸರ ಮಾಡಿಸ್ಬಾರ್ದು, ಹೊಟ್ಟೆ ಒತ್ಬಾರ್ದು. ಆಮೇಲೆ ಒಳಗೆ ಹರಿದಿದ್ಯಾ ಅಂತ ನೋಡ್ಬೇಕು. ಅದು ಬಿಟ್ಟೋದ್ರೆ ಕೆಲವ್ರಿಗೆ ಮಲ ತಡ್ಕೊಳ್ಳೋಕೇ ಆಗಲ್ಲ. ನಾಚ್ಕೆಗೆ ಗಂಡನ ಪಕ್ಕಾನೂ ಮಲಗಲ್ಲ."

ಈರೇಶ ಕಹಿಯಾಗಿ ನಕ್ಕ. "ನಮ್ಮಾಕಿನೂ ಹಂಗ ನೋಡ್ರಿ. ದಿನಕ್ಕ ನಾಕು ಸೀರಿ ತೊಳೀತಿದ್ಲು. ಬಚ್ಚಲ ಬಾಗ್ಲಾಗ ಚಾಪಿ ಹಾಸ್ಕೊಂಡು ಮಲಗ್ತಿದ್ಲು. ಮುಟ್ಲಾಕ ಹೋದ್ರ ಅಳೋದು. ನನ್ನ ಕಂಡ್ರ ಹೇಸಿಗಿ ಆಕಿಗೆ."

ಯಮುನಾ ಟೀ ಲೋಟ ಕೆಳಗಿಟ್ಟಳು. "ಹೆರಿಗೆ ಎಲ್ಲಾಗಿದ್ದು?"

"ಇಲ್ಲೇ, ನಿಮ್ಮ ವಾರ್ಡಿನಾಗ. ಏನೋ ತ್ರಾಸಂತ ಸಿಸ್ಟರ್‌ಗೆ ಹೇಳಿದ್ಲಂತ. ಎಲ್ಲರಿಗೂ ಹಂಗೇ, ತಾನಾಗೇ ಸರಿ ಹೋಗತ್ತೆ ಅಂದ್ರಂತ."

ಎಲ್ಲರಿಗೂ ಹಂಗೇ. ಆರು ವರ್ಷದಲ್ಲಿ ಯಮುನಾ ಆ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದಳೋ! ಒಬ್ಬಳ ಮುಖವೂ ನೆನಪಿಗೆ ಬರಲೊಲ್ಲದು.

ಭಾನುವಾರಕ್ಕೆ ಇನ್ನೆರಡೇ ದಿನ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಳಾದ್ದು, ಅವಳಿಗೆ ಗೊತ್ತಾಗಿಬಿಟ್ಟಿತ್ತಲ್ಲ!

"ಈರೇಶ್, ಅವ್ರಿಗೆ ಹೇಸಿಗೆ ನಿಮ್ಮ ಮೇಲಲ್ಲ, ಅವ್ರ ಮೈ ಮೇಲೇನೇ ಅನ್ಸತ್ತೆ. ಒಂದ್ಸಲ ಡಾಕ್ಟ್ರು ನೋಡ್ಲಿ. ಆಪರೇಷನ್ ಮಾಡಿ ಹೊಲಿಯೋಕಾಗತ್ತೆ."

ಅವನ ಟೀ ಆರಿ ಕೆನೆ ಕಟ್ಟಿತು. "ಹಂಗಾದ್ರ ಆಕಿ ನನ್ನ ಬಿಟ್ಟು ಹೋಗಿಲ್ಲ?" ಅಂದ. ಮತ್ತೆ ಅವಳ ಜಡೆಯ ಮಲ್ಲಿಗೆ ನೋಡಿ, "ನೀವು?"

"ಹೋಗಿ ಕರ್ಕೊಂಡ್ ಬನ್ನಿ," ಅಂದಳು ಯಮುನಾ. ಸಂಜೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಅವನನ್ನು ಬಸ್ಸು ಹತ್ತಿಸಿ, ಮಲ್ಲಿಗೆ ಕಿತ್ತು ಬ್ಯಾಗಿಗೆ ತುರುಕಿಕೊಂಡು ಫುಟ್‌ಪಾತಿನಲ್ಲೇ ಅತ್ತಳು.

ಹತ್ತು ದಿನದ ಮೇಲೆ ಅವರು ಬಂದರು. ಈರೇಶ ಮಗುವನ್ನೆತ್ತಿಕೊಂಡು ಓಪಿಡಿ ಚೀಟಿ ಮಾಡಿಸಲು ಹೋಗಿದ್ದ. ಸೌಂದರ್ಯಾ ಬೆಂಚಿನ ತುದಿಯಲ್ಲಿ, ಯಾರಿಗೂ ತಾಗದಂತೆ ಮುದುಡಿ ಕೂತಿದ್ದಳು. ಯಮುನಾ ಪಕ್ಕದಲ್ಲಿ ಕೂತು ಮೆಲ್ಲಗೆ, ತಡೆದುಕೊಳ್ಳಲು ಆಗುತ್ತದೆಯೇ ಎಂದು ಕೇಳಿದಳು.

ಸೌಂದರ್ಯಾ ಅವಳನ್ನೇ ನೋಡಿದಳು. "ಅವತ್ತೂ ನೀವ ಇದ್ರಿ. ಎಲ್ಲರಿಗೂ ಹಂಗೇ ಅಂದ್ರಿ."

ಯಮುನಾ ಕಣ್ಣು ತಪ್ಪಿಸಲಿಲ್ಲ. "ನಾನೇ. ತಪ್ಪಾಯ್ತಮ್ಮ."

"ಈಗ ಕರಿಸಿದಾಕಿನೂ ನೀವಂತ." ಸೌಂದರ್ಯಾಳ ಕಣ್ಣು ತುಂಬಿತು. "ಒಳಗ ಬರ್ರಿ ನನ್ ಕೂಡ. ಒಬ್ಬಾಕಿಗೇ ಅಂಜಿಕಿ."

ಅಷ್ಟರಲ್ಲಿ ಈರೇಶ ಬಂದ, ಇಬ್ಬರನ್ನೂ ನೋಡಿ ನಿಂತುಬಿಟ್ಟ. ಯಮುನಾ ಅವನ ಕೈಯಿಂದ ಚೀಟಿ ತೆಗೆದುಕೊಂಡು ಸೌಂದರ್ಯಾಳ ಕೈ ಹಿಡಿದು ಎಬ್ಬಿಸಿದಳು.

"ನೀವು ಹೊರಗೇ ಇರಿ," ಅಂದಳು.