ಕಲ್ಲುಸಂತೆಯ ಮೊದಲ ಬೋಣಿ

ನನ್ನ ಮುತ್ತಜ್ಜನ ಮುತ್ತಜ್ಜನಿಗಿಂತ ಹಿಂದೆ, ಹುಣಸೆಮರಗಳು ನೀರು ಕುಡಿಯಲು ಹೊಳೆಗೆ ನಡೆದು ಹೋಗುತ್ತಿದ್ದ ಕಾಲದಲ್ಲಿ, ಮುತ್ತಿನಗಿರಿ ಅಂತ ಒಂದು ರಾಜ್ಯ. ಅಲ್ಲಿನ ಸಂತೆಬೀದಿ ಎಷ್ಟು ಉದ್ದ ಅಂದರೆ, ಹೊತ್ತು ಈ ತುದಿಯಲ್ಲಿ ಹುಟ್ಟಿ ಆ ತುದಿಯಲ್ಲಿ ಮುಳುಗುತ್ತಿತ್ತು. ಆದರೆ ನಡೆಯುತ್ತಿದ್ದದ್ದು ಒಂದೇ ಅಂಗಡಿ, ಮಾಯಾವಿ ಧೂಮಾಕ್ಷನದು. ಹೊಸದಾಗಿ ಅಂಗಡಿ ಇಟ್ಟವನಿಗೆ ಮೂರು ದಿನದೊಳಗೆ ಬೋಣಿಯಾಗದಿದ್ದರೆ, ಒಂದೇ ಒಂದು ಮೊದಲ ಮಾರಾಟ ಆಗದಿದ್ದರೆ, ಅವನು ಕೂತಲ್ಲೇ ಕಲ್ಲಾಗಬೇಕು. ಹಾಗಂತ ಧೂಮಾಕ್ಷನ ಶಾಪ. ಒಬ್ಬನಿಗೆ ಬೋಣಿಯಾದರೂ ಸಾಕು, ಕಲ್ಲಾದವರೆಲ್ಲ ಎದ್ದು ಬರುತ್ತಾರೆ. ಆಗಲು ಅವನು ಬಿಟ್ಟರೆ ತಾನೆ?

ಕಂಬಳಿ ನೇಯುವ ಕೆಂಚವೀರನ ಅಪ್ಪನೂ ಅಲ್ಲೇ ಕಲ್ಲಾಗಿ ಕೂತಿದ್ದ. ಕೆಂಚವೀರ ಅಪ್ಪನ ಮಗ್ಗುಲಲ್ಲೇ ಕಂಬಳಿ ಹರವಿದ.

ಮೊದಲ ದಿನ ಮನೆಯಷ್ಟು ದೊಡ್ಡ ಹುಲಿಯೊಂದು ಬಂದು ಅಂಗಡಿಗೆ ಅಡ್ಡ ಮಲಗಿತು. ಗಿರಾಕಿಗಳು ದೂರದಿಂದಲೇ ವಾಪಸ್ಸಾದರು.

"ಹುಲಿಮಾವ, ಬೋಣಿ ಮಾಡು. ಚಳಿಗೊಂದು ಕಂಬಳಿ ತಗೋ."

"ನಾನು ಹುಟ್ಟುವಾಗಲೇ ಹೊದ್ದು ಬಂದವನು, ಅಳಿಯಾ," ಅಂದಿತು ಹುಲಿ.

ಹೊತ್ತು ಮುಳುಗಿತು. ಕೆಂಚವೀರ ಮೊಣಕಾಲಿನವರೆಗೆ ಕಲ್ಲಾದ.

ಎರಡನೇ ದಿನ ಏಳು ತಲೆಯ ಗಿಣಿ ಸೂರಿನ ಮೇಲೆ ಕೂತು, ಏಳು ಬಾಯಲ್ಲೂ ಕೂಗಿತು: "ಹುಳ ಬಿದ್ದ ಕಂಬಳಿ, ಮುಟ್ಟಿದರೆ ತುರಿಕೆ."

"ಗಿಣಿಯಕ್ಕಾ, ಬೋಣಿ ಮಾಡು. ಗಂಟಲು ಬೆಚ್ಚಗಿರುತ್ತದೆ."

"ಏಳು ಕುತ್ತಿಗೆಗೆ ಸಾಲುವಂಥದ್ದು ನಿನ್ನ ಹತ್ತಿರ ಎಲ್ಲಿದೆ, ಬಿಡು."

ಹೊತ್ತು ಮುಳುಗಿತು. ಸೊಂಟದವರೆಗೆ ಕಲ್ಲು.

ಮೂರನೇ ದಿನ ಧೂಮಾಕ್ಷನೇ ಬಂದ. ಅವನ ಕಣ್ಣಲ್ಲಿ ಹೊಗೆ, ಅವನ ನೆರಳಿಗೆ ಆರು ಕೈ. ಅವನು ಕಾಲಿಟ್ಟ ಕಡೆ ಗಾಳಿ ಕೂಡ ಪಕ್ಕಕ್ಕೆ ಸರಿದು ನಿಂತಿತು.

"ಏನಯ್ಯಾ, ಇನ್ನೂ ಅರ್ಧ ಮನುಷ್ಯ ಉಳಿದಿದ್ದೀಯ?"

"ಕೈ, ಬಾಯಿ ಇವೆಯಲ್ಲ ಸ್ವಾಮಿ, ವ್ಯಾಪಾರಕ್ಕೆ ಸಾಕು. ಬೋಣಿ ಹೊತ್ತು, ಬೆಲೆ ನೀವೇ ಹೇಳಿ."

ಬೀದಿ ನಡುಗುವಂತೆ ನಕ್ಕ ಧೂಮಾಕ್ಷ. "ನಿನ್ನ ಕಂಬಳಿಗೆ ನನ್ನ ಗಡ್ಡದ ಒಂದು ಕೂದಲೇ ಹೆಚ್ಚಾಯಿತು."

"ಆಯ್ತು, ಕೊಡಿ."

ನಗು ನಿಂತಿತು.

"ಬೆಲೆ ಹೇಳಿದ್ದು ನೀವು, ಒಪ್ಪಿದ್ದು ನಾನು. ಬೋಣಿ ಹೊತ್ತಲ್ಲಿ ಇನ್ನು ತಗೊಳ್ಳದೆ ಹೋಗುವ ಹಾಗಿಲ್ಲ."

ಧೂಮಾಕ್ಷ ತಿರುಗಿ ಹೊರಟ. ಕಾಲು ಏಳಲಿಲ್ಲ. ಬೋಣಿಯ ಮೇಲೆ ಕಟ್ಟಿದ ಶಾಪ, ಬೋಣಿಯ ಕಟ್ಟಳೆಗೆ ಅವನನ್ನೂ ಕಟ್ಟಿಹಾಕಿತ್ತು. ಕೆಂಚವೀರ ಕೈ ಚಾಚಿ ಒಂದು ಕೂದಲು ಕಿತ್ತು, ಕಣ್ಣಿಗೊತ್ತಿಕೊಂಡು, ಕಂಬಳಿಯನ್ನು ಅವನ ಹೆಗಲಿಗೆ ಹಾಕಿದ.

ಆಗ ನೋಡಬೇಕಿತ್ತು. ನೆಲ ಗಂಟೆಯ ಹಾಗೆ ಮೊಳಗಿತು. ಬೀದಿಯುದ್ದಕ್ಕೂ ಕಲ್ಲುಗಳು ಬೆಚ್ಚಗಾದವು, ಉಸಿರಾಡಿದವು, ಮೈಮುರಿದು ಎದ್ದವು. ಹುಲಿ ಬೆಕ್ಕಾಯಿತು. ಗಿಣಿ ಏಳು ಗಿಣಿಗಳಾಗಿ ಹಾರಿಹೋಯಿತು. ಮುರಿದ ಶಾಪ ತನಗೇ ತಿರುಗಿ, ಧೂಮಾಕ್ಷ ಕಂಬಳಿ ಹೊದ್ದ ಕಲ್ಲಾಗಿ ಉಳಿದ.

ಅಪ್ಪ ಕಣ್ಣು ಬಿಟ್ಟವನೇ ಕೇಳಿದ: "ಎಷ್ಟಕ್ಕೆ ಕೊಟ್ಟೆ, ಮಗಾ?"

"ಒಂದು ಕೂದಲಿಗೆ, ಅಪ್ಪಾ."

"ಅಷ್ಟು ಅಗ್ಗಕ್ಕಾ?"

"ಬೋಣಿ ಅಲ್ವಾ ಅಪ್ಪಾ," ಅಂದ ಕೆಂಚವೀರ, ತನ್ನ ಕಾಲನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ.

ಅವತ್ತಿಂದ ಮುತ್ತಿನಗಿರಿಯಲ್ಲಿ ಇಟ್ಟ ಅಂಗಡಿ ಮುಚ್ಚಿದ್ದಿಲ್ಲ, ಉಪವಾಸ ಮಲಗಿದವರಿಲ್ಲ. ಆ ಕೂದಲು ತಲೆಮಾರಿನಿಂದ ತಲೆಮಾರಿಗೆ ಇಳಿದು ಈಗ ನಮ್ಮ ಮನೆಯಲ್ಲಿದೆ. ಊರಿನ ಎಮ್ಮೆಗಳನ್ನೆಲ್ಲ ಅದರಲ್ಲೇ ಕಟ್ಟುತ್ತೇವೆ, ಇನ್ನೂ ಅರ್ಧ ಮಿಕ್ಕಿದೆ.